ಪೈಲಟ್‌ಗಳ ನಿದ್ದೆಗೆ ಇನ್ನೆಷ್ಟು ವಾಯಿದೆ?

2025 ರ ಡಿಸೆಂಬರ್ ತಿಂಗಳ ಮೊದಲ ವಾರವನ್ನು ಹೊರನಾಡ ಕನ್ನಡಿಗರು ಸುಲಭದಲ್ಲಿ ಮರೆಯಲಾರರು. ಊರಿನಲ್ಲಿ ಮದುವೆ, ಗೃಹಪ್ರವೇಶ, ನೇಮ-ಕೋಲಗಳ ಹಂಗಾಮು ಆರಂಭವಾಗಿತ್ತು. ಮುಂಬಯಿ, ಪುಣೆ, ದೆಹಲಿ, ಹೈದರಾಬಾದಿನಲ್ಲಿ ಎರಡು ತಿಂಗಳ ಮುಂಚೆಯೇ ಟಿಕೇಟು ಕಾದಿರಿಸಿ, ಕಚೇರಿಯಲ್ಲಿ ರಜೆ ಮಂಜೂರು ಮಾಡಿಸಿಕೊಂಡು ಹೊರಟವರು ವಿಮಾನ ನಿಲ್ದಾಣದ ನೆಲದ ಮೇಲೆ ಚೀಲಕ್ಕೆ ತಲೆ ಕೊಟ್ಟು ಮಲಗಬೇಕಾಯಿತು. 3 ರಿಂದ 5 ರ ವರೆಗಿನ ಮೂರೇ ದಿನಗಳಲ್ಲಿ ಇಂಡಿಗೋ ಸಂಸ್ಥೆಯೊಂದರದೇ 2,507 ಹಾರಾಟಗಳು ರದ್ದಾದವು, 1,852 ಹಾರಾಟಗಳು ತಡವಾದವು. ತೊಂದರೆಗೆ ಒಳಗಾದ ಪ್ರಯಾಣಿಕರ ಸಂಖ್ಯೆ ಮೂರು ಲಕ್ಷಕ್ಕೂ ಮಿಕ್ಕಿತ್ತು. ಇದು ಯಾರೋ ಕೋಪದಲ್ಲಿ ಹೇಳಿದ ಅಂಕಿಯಲ್ಲ, ಡಿಜಿಸಿಎ ಎಂದೇ ಪರಿಚಿತವಾಗಿರುವ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ತನಿಖೆಯ ಬಳಿಕ ಹೊರಗೆಡವಿದ ಲೆಕ್ಕ.

ಉಳಿದ ಸಂಸ್ಥೆಗಳ ಟಿಕೇಟಿನ ದರ ಆಕಾಶಕ್ಕೇರಿದಾಗ ಕೇಂದ್ರ ಸರ್ಕಾರ ಡಿಸೆಂಬರ್ 6 ರಂದು ಮಿತಿ ಹಾಕಿತು. 500 ಕಿ.ಮೀ. ವರೆಗೆ 7,500 ರೂಪಾಯಿ, 1,000 ಕಿ.ಮೀ. ವರೆಗೆ 12,000 ರೂಪಾಯಿ. ಮುಂಬಯಿ-ಮಂಗಳೂರು, ಮುಂಬಯಿ-ಬೆಂಗಳೂರು ಎರಡೂ ಈ ಎರಡನೆಯ ದರ್ಜೆಗೇ ಬಂದವು. ಮಾಮೂಲಿ ದಿನಗಳಲ್ಲಿ ಮುಂಗಡವಾಗಿ ಕಾದಿರಿಸಿದರೆ ಹೋಗಿ ಬರುವುದಕ್ಕೂ ಸಾಕಾಗುವ ಹಣ ಅದು. ಮಿತಿಯೇ ಅಷ್ಟೆಂದ ಮೇಲೆ ಮಿತಿ ಹಾಕುವ ಮುಂಚಿನ ಸುಲಿಗೆಯನ್ನು ಊಹಿಸಬಹುದು.

ಆ ದಿನಗಳಲ್ಲಿ ಜನರ ಸಿಟ್ಟೆಲ್ಲ ಕೌಂಟರಿನಲ್ಲಿ ನಿಂತ ಸಮವಸ್ತ್ರದ ಹುಡುಗಿಯರ ಮೇಲೆ ಹರಿಯಿತು. 'ಪೈಲಟ್‌ಗಳು ಮುಷ್ಕರ ಹೂಡಿದ್ದಾರಂತೆ' ಎಂಬ ಮಾತೂ ಸಾಲಿನಿಂದ ಸಾಲಿಗೆ ಹಬ್ಬಿತು. ಈ ಮಾತನ್ನು ಮೊದಲು ತೆಗೆದುಹಾಕಬೇಕು. ಮುಷ್ಕರ ಯಾವುದೂ ಇರಲಿಲ್ಲ. ಪೈಲಟ್‌ಗಳಿಗೆ ಸ್ವಲ್ಪ ಹೆಚ್ಚು ವಿಶ್ರಾಂತಿ ಕೊಡಬೇಕೆಂಬ ನಿಯಮ ಜಾರಿಗೆ ಬಂದಿತ್ತು, ಅದು ಬರುತ್ತದೆಂದು ಸುಮಾರು ಎರಡು ವರ್ಷಗಳಿಂದ ಗೊತ್ತಿದ್ದರೂ ದೇಶದ ಅತಿ ದೊಡ್ಡ ವಿಮಾನ ಸಂಸ್ಥೆ ಅದಕ್ಕೆ ತಯಾರಾಗಿರಲಿಲ್ಲ, ಅಷ್ಟೇ.

ನಿಯಮವೇನು ಎಂಬುದು ಬಹಳ ಜನರಿಗೆ ತಿಳಿದಿಲ್ಲ. 2024 ರ ಜನವರಿಯಲ್ಲಿ ಡಿಜಿಸಿಎ ಹೊರಡಿಸಿದ ಆದೇಶದ ಪ್ರಕಾರ ಪೈಲಟ್‌ಗಳ ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿತು. 'ರಾತ್ರಿ' ಎಂದರೆ ಮಧ್ಯರಾತ್ರಿ 12 ರಿಂದ ಬೆಳಗಿನ 5 ಎಂದಿದ್ದದ್ದು 6 ರ ವರೆಗೆ ವಿಸ್ತಾರವಾಯಿತು. ರಾತ್ರಿಯ ಅವಧಿಯಲ್ಲಿ ಒಬ್ಬ ಪೈಲಟ್ ವಿಮಾನ ಇಳಿಸಬಹುದಾದ ಸಂಖ್ಯೆ 6 ರಿಂದ 2 ಕ್ಕೆ ಇಳಿಯಿತು. ಸತತ ಎರಡು ರಾತ್ರಿಗಿಂತ ಹೆಚ್ಚು ದುಡಿಸಬಾರದು ಎಂದೂ ಸೇರಿತು. ಇದು 2024 ರ ಜೂನ್ 1 ಕ್ಕೆ ಜಾರಿಯಾಗಬೇಕಿತ್ತು. ವಿಮಾನ ಸಂಸ್ಥೆಗಳು ತಕರಾರು ಎತ್ತಿದವು, ಮುಂದೂಡಲಾಯಿತು. ದೆಹಲಿ ಹೈಕೋರ್ಟಿನಲ್ಲಿ ಪೈಲಟ್ ಸಂಘಟನೆಗಳ ಮೊಕದ್ದಮೆ ನಡೆದ ಬಳಿಕ ಎರಡು ಕಂತಿನಲ್ಲಿ ಜಾರಿ ಮಾಡುವ ಒಪ್ಪಂದವಾಗಿ ಮೊದಲ ಕಂತು 2025 ರ ಜುಲೈ 1 ಕ್ಕೆ, ರಾತ್ರಿ ಪಾಳಿಗೆ ಸಂಬಂಧಿಸಿದ ಎರಡನೆಯ ಕಂತು ನವೆಂಬರ್ 1 ಕ್ಕೆ ಬಂತು. ತಿಂಗಳು ತುಂಬುವಷ್ಟರಲ್ಲಿ ಎಲ್ಲವೂ ಕುಸಿಯಿತು.

ಒಂದು ಸಣ್ಣ ಲೆಕ್ಕ ಮಾಡಿ ನೋಡಬಹುದು. ವಾರಕ್ಕೆ 168 ಗಂಟೆ. 36 ಗಂಟೆ ವಿಶ್ರಾಂತಿ ಕಳೆದರೆ 132 ಗಂಟೆ ಉಳಿಯುತ್ತದೆ, 48 ಕಳೆದರೆ 120. ಅಂದರೆ ಒಬ್ಬ ಪೈಲಟ್‌ನನ್ನು ಪಾಳಿಗೆ ಹಾಕಬಹುದಾದ ಸಮಯ ಶೇ. 9 ರಷ್ಟು ಕಡಿಮೆಯಾಯಿತು. ವರ್ಷಕ್ಕೆ ಸಾವಿರ ಗಂಟೆ ಹಾರಾಟ ಎಂಬಂತಹ ಬೇರೆ ಮಿತಿಗಳೂ ಇರುವುದರಿಂದ ಇದು ಒರಟು ಲೆಕ್ಕವೇ ಹೌದು, ಆದರೆ ದಿಕ್ಕು ತಿಳಿಯಲು ಸಾಕು. ರಾತ್ರಿ ಇಳಿಯುವಿಕೆಯ ಕಡಿತ ಇದರ ಮೇಲಿನದು. ಇನ್ನೊಂದು ಕಡೆ ಅದೇ ಚಳಿಗಾಲದ ವೇಳಾಪಟ್ಟಿಯಲ್ಲಿ ಇಂಡಿಗೋ ಸಂಸ್ಥೆಗೆ ವಾರಕ್ಕೆ 15,014 ಹಾರಾಟಗಳ ಅನುಮತಿ ದೊರಕಿತ್ತು. ಅದು ಹಿಂದಿನ ಚಳಿಗಾಲಕ್ಕಿಂತ ಶೇ. 9.66 ಹೆಚ್ಚು. ಜಮೆ ಇಳಿಯುವುದೆಂದು ಗೊತ್ತಿದ್ದೂ ಖರ್ಚು ಏರಿಸಿದ ಖಾತೆಯಂತಾಯಿತು ಇದು. ಅಂತಹ ಚೆಕ್ಕು ಬೌನ್ಸ್ ಆಗದೆ ಇನ್ನೇನಾದೀತು? ಬರೆದವರಷ್ಟೇ ಅಲ್ಲ, ಪಾಸು ಮಾಡಿದ ಡಿಜಿಸಿಎ ಕೂಡ ಇದರಲ್ಲಿ ಪಾಲುದಾರ. ನಿಯಮ ಬರೆದದ್ದೂ ಅದೇ ಕಚೇರಿ, ವೇಳಾಪಟ್ಟಿಗೆ ಮೊಹರು ಒತ್ತಿದ್ದೂ ಅದೇ ಕಚೇರಿ.

ಕೊರತೆ ಎಷ್ಟಿತ್ತು ಎಂಬುದು ಇನ್ನೂ ಸೋಜಿಗದ ಸಂಗತಿ. ಹೊಸ ನಿಯಮದಡಿ ಏರ್‌ಬಸ್ 320 ಮಾದರಿಯ ವಿಮಾನಗಳಿಗೆ 2,422 ಕ್ಯಾಪ್ಟನ್‌ಗಳು ಬೇಕು, ಇರುವುದು 2,357 ಎಂದು ಲೆಕ್ಕ ಹೊರಬಂತು. ಕಡಿಮೆ ಬಿದ್ದವರು 65 ಮಂದಿ. ಸಹ ಪೈಲಟ್‌ಗಳು ಬೇಕಾದುದಕ್ಕಿಂತ ತುಸು ಹೆಚ್ಚೇ ಇದ್ದರು. ಆದರೆ ಕ್ಯಾಪ್ಟನ್ ಇಲ್ಲದೆ ಸಹ ಪೈಲಟ್ ಒಬ್ಬನೇ ವಿಮಾನ ಎಬ್ಬಿಸುವಂತಿಲ್ಲ. ನಾನೂರಕ್ಕೂ ಮಿಕ್ಕಿ ವಿಮಾನಗಳಿರುವ ಸಂಸ್ಥೆಯಲ್ಲಿ ಒಂದು ವಿಮಾನ ತಡವಾದರೆ ಅದರ ಕ್ಯಾಪ್ಟನ್‌ನ ಪಾಳಿ ಮುಗಿಯುತ್ತದೆ, ಬದಲಿಗೆ ಕಳುಹಿಸಲು ಜನವಿಲ್ಲದಿದ್ದರೆ ಮುಂದಿನ ಮೂರು ಊರುಗಳ ಪ್ರಯಾಣಿಕರು ಕಾಯುತ್ತಾರೆ. ನವೆಂಬರ್ ಕೊನೆಯಲ್ಲಿ ಏರ್‌ಬಸ್ ವಿಮಾನಗಳ ಸಾಫ್ಟ್‌ವೇರ್ ಬದಲಾವಣೆಯೂ ಬಂದು ಹಾರಾಟಗಳು ರಾತ್ರಿಗೆ ಜಾರಿದವು. ಬಿಗಿಯಾಗಿ ಎಳೆದು ಕಟ್ಟಿದ ಹಗ್ಗಕ್ಕೆ ಅಷ್ಟು ಸಾಕಾಯಿತು. ತಾಯಂದಿರು ನಾಲ್ಕು ಮಂದಿಗೆ ಅಡಿಗೆ ಮಾಡುವಾಗಲೂ ಇನ್ನೊಬ್ಬರು ಬಂದರೆ ಎಂದು ಒಂದು ಮುಷ್ಟಿ ಅಕ್ಕಿ ಹೆಚ್ಚು ಹಾಕುತ್ತಾರೆ. ಆ ಒಂದು ಮುಷ್ಟಿಯನ್ನು ದಂಡ ಎಂದು ಬಗೆಯುವುದೇ ಇಂದಿನ ಕಂಪೆನಿಗಳ ಆಡಳಿತ ಶಾಸ್ತ್ರವಾಗಿದೆ. 2026 ರ ಜನವರಿಯಲ್ಲಿ 22.20 ಕೋಟಿ ರೂಪಾಯಿ ದಂಡ ವಿಧಿಸಿದ ಡಿಜಿಸಿಎ ಕೂಡ, ಇರುವ ಸಿಬ್ಬಂದಿ-ವಿಮಾನಗಳನ್ನು ವಿಪರೀತವಾಗಿ ಎಳೆದು ಬಳಸಿದ್ದೇ ಮೂಲ ಕಾರಣಗಳಲ್ಲೊಂದು ಎಂದಿತು.

ಆದರೆ ಗೊಂದಲದ ನಡುವೆ ಸರ್ಕಾರ ಮೊದಲು ಮಾಡಿದ್ದು ದಂಡ ಹಾಕುವುದಲ್ಲ, ನಿಯಮವನ್ನೇ ಸಡಿಲಿಸುವುದು. ವಾರದ ವಿಶ್ರಾಂತಿಯ ಬದಲಿಗೆ ರಜೆಯನ್ನು ಲೆಕ್ಕಕ್ಕೆ ಹಿಡಿಯಬಾರದು ಎಂಬ ಷರತ್ತನ್ನು ಡಿಸೆಂಬರ್ 5 ರಂದು ಹಿಂತೆಗೆಯಲಾಯಿತು. ಇಂಡಿಗೋ ಸಂಸ್ಥೆಗೆ ರಾತ್ರಿ ಪಾಳಿಯ ನಿಯಮಗಳಿಂದ 2026 ರ ಫೆಬ್ರವರಿ 10 ರ ವರೆಗೆ ವಿನಾಯಿತಿ ಸಿಕ್ಕಿತು. ಹಾರಾಟಗಳಲ್ಲಿ ಶೇ. 10 ಕಡಿತ ಮಾಡುವಂತೆ ಆದೇಶ ಬಂದದ್ದು ಆಮೇಲೆ. ಸಿಲುಕಿಕೊಂಡ ಮೂರು ಲಕ್ಷ ಜನರನ್ನು ಊರು ಮುಟ್ಟಿಸಬೇಕಾದ ಅನಿವಾರ್ಯತೆ ಇತ್ತೆಂಬುದನ್ನು ಒಪ್ಪಬಹುದು. ಆದರೆ ತಯಾರಿ ಮಾಡಿಕೊಳ್ಳದವನಿಗೆ ವಾಯಿದೆ, ತಯಾರಿ ಮಾಡಿಕೊಂಡ ಇತರ ಸಂಸ್ಥೆಗಳಿಗೆ ಅದೇ ನಿಯಮ ಎಂದಾಗ, ಮುಂದಿನ ಸಲ ತಯಾರಿ ಮಾಡುವವರು ಯಾರು?

ಇದೇನು ಮೊದಲ ವಾಯಿದೆಯಲ್ಲ ಎಂಬುದೇ ಹೆಚ್ಚು ಖೇದಕರ. 2007 ರ ಜುಲೈಯಲ್ಲಿಯೂ ಡಿಜಿಸಿಎ ಪೈಲಟ್‌ಗಳ ದುಡಿಮೆ-ವಿಶ್ರಾಂತಿಗೆ ಹೊಸ ನಿಯಮ ತಂದಿತ್ತು. ಸಂಸ್ಥೆಗಳ ಒತ್ತಡಕ್ಕೆ ಮಣಿದು 2008 ರ ಮೇಯಲ್ಲಿ ಅದನ್ನು ತಡೆಹಿಡಿದು 1992 ರ ಹಳೆಯ ಸುತ್ತೋಲೆಗೇ ಮರಳಲಾಯಿತು. ಪೈಲಟ್‌ಗಳ ಸಂಘಟನೆಗಳು ಮುಂಬಯಿ ಹೈಕೋರ್ಟಿಗೂ, ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋದವು. 2011 ರ ಮೇಯಲ್ಲಿ ಅವುಗಳ ಮನವಿ ವಜಾ ಆಯಿತು. ಹೊಸ ನಿಯಮ ಬಂದದ್ದು ಅದೇ ವರ್ಷದ ಆಗಸ್ಟಿನಲ್ಲಿ.

ಈ ನಡುವಿನ ಅವಧಿಯಲ್ಲೇ, 2010 ರ ಮೇ 22 ರ ಮುಂಜಾನೆ, ದುಬಾಯಿಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜಪೆ ನಿಲ್ದಾಣದ ರನ್‌ವೇ ದಾಟಿ ಕಣಿವೆಗೆ ಬಿತ್ತು. ವಿಮಾನದಲ್ಲಿದ್ದ 166 ಮಂದಿಯಲ್ಲಿ 158 ಮಂದಿ ಸುಟ್ಟು ಕರಕಲಾದರು, ಬದುಕಿದವರು ಎಂಟೇ ಮಂದಿ. ಮುಂಬಯಿಯ ಕರಾವಳಿಗರ ಬಂಧು ವಲಯದಲ್ಲಿ ಆ ದಿನ ಟಿವಿ ಮುಂದೆ ಕೂತು ಹೆಸರಿನ ಪಟ್ಟಿ ಹುಡುಕದ ಮನೆ ಇರಲಿಕ್ಕಿಲ್ಲ. ಕೂಳೂರಿನ ನದಿ ದಂಡೆಯಲ್ಲಿರುವ ಸ್ಮಾರಕದ ಬಳಿ ಗುರುತು ಸಿಗದ ದೇಹಗಳೂ ಮಣ್ಣಾಗಿವೆ.

ಏರ್ ಮಾರ್ಷಲ್ ಗೋಖಲೆ ಅವರ ನೇತೃತ್ವದ ತನಿಖಾ ನ್ಯಾಯಾಲಯ ಕಾಕ್‌ಪಿಟ್‌ನ ಧ್ವನಿಮುದ್ರಣವನ್ನು ಆಲಿಸಿದಾಗ ತಿಳಿದದ್ದೇನು? ಎರಡು ಗಂಟೆ ಐದು ನಿಮಿಷದ ಮುದ್ರಣದಲ್ಲಿ ಮೊದಲ ಒಂದು ಗಂಟೆ ನಲವತ್ತು ನಿಮಿಷ ಕ್ಯಾಪ್ಟನ್ ನಿದ್ದೆಯಲ್ಲಿದ್ದರು. ಎದ್ದ ಬಳಿಕವೂ ನಿದ್ದೆಯ ಮಂಪರು ಬಿಡಲಿಲ್ಲ. ವಿಮಾನ ಬೇಕಾದುದಕ್ಕಿಂತ ಎತ್ತರದಲ್ಲಿತ್ತು. ಸಹ ಪೈಲಟ್ ಮೂರು ಸಲ ಇಳಿಸಬೇಡಿ, ಮೇಲೇರಿಸಿ ಎಂದು ಎಚ್ಚರಿಸಿದರು. ಕ್ಯಾಪ್ಟನ್ ಇಳಿಸಿಯೇ ಬಿಟ್ಟರು. 8,033 ಅಡಿಯ ರನ್‌ವೇಯಲ್ಲಿ ಚಕ್ರ ನೆಲ ಮುಟ್ಟಿದ್ದು ಸುಮಾರು 5,200 ಅಡಿ ದಾಟಿದ ಮೇಲೆ. ಮೇಜಿನಂತಹ ಗುಡ್ಡದ ಮೇಲಿನ ರನ್‌ವೇ ಅಂತಹ ತಪ್ಪನ್ನು ಕ್ಷಮಿಸುವುದಿಲ್ಲ.

1992 ರ ಸುತ್ತೋಲೆ ಇಲ್ಲದೆ 2007 ರ ನಿಯಮ ಇದ್ದಿದ್ದರೆ ಈ ದುರಂತ ತಪ್ಪುತ್ತಿತ್ತೆಂದು ಹೇಳಲು ಬರುವುದಿಲ್ಲ, ಹಾಗೆ ಹೇಳುವುದು ಸರಿಯೂ ಅಲ್ಲ. ಹಾರಾಟಕ್ಕೆ ಮುಂಚಿನ ವಿಶ್ರಾಂತಿಯ ಗಂಟೆಗಳು ಕಾಗದದ ಮೇಲೆ ಕಡಿಮೆಯಾಗಿರಲಿಲ್ಲ. ಆದರೆ ಆ ವರದಿ ಬೊಟ್ಟು ಮಾಡಿ ತೋರಿಸಿದ್ದು ಬೆಳಗಿನ ಜಾವದ ಆ ಹೊತ್ತನ್ನು. ಎರಡರಿಂದ ಆರರ ನಡುವೆ ಮನುಷ್ಯನ ದೇಹ ನಿದ್ದೆಯನ್ನೇ ಕೇಳುತ್ತದೆ. ಹಗಲು ಎಷ್ಟು ಮಲಗಿದ್ದರೂ ಅಷ್ಟೆ. ಯಕ್ಷಗಾನ ನೋಡುತ್ತಾ ರಾತ್ರಿ ಕಳೆದವರಿಗೆ ಈ ಹೊತ್ತಿನ ತೂಕಡಿಕೆಯ ಬಗ್ಗೆ ಯಾವ ವಿಜ್ಞಾನಿಯೂ ಹೇಳಿಕೊಡಬೇಕಿಲ್ಲ. ರಾತ್ರಿಯ ವ್ಯಾಖ್ಯೆಯನ್ನು 5 ರಿಂದ 6 ಕ್ಕೆ ಒಯ್ದ ಒಂದು ಗಂಟೆ ಕಡತದಲ್ಲಿ ಸಣ್ಣದಾಗಿ ಕಾಣಬಹುದು. ಬಜಪೆಯ ವಿಮಾನ ಬಿದ್ದಾಗ ಸಮಯ ಆರು ಗಂಟೆ ಐದು ನಿಮಿಷ.

'ತಿಂಗಳಿಗೆ ಲಕ್ಷಗಟ್ಟಲೆ ಎಣಿಸುವವರಿಗೆ ಎಂತಹ ಕಷ್ಟ?' ಎಂದು ಕೇಳುವವರು ಸಂಘದ ಕಟ್ಟೆಗಳಲ್ಲೂ ಇದ್ದಾರೆ. ಮುಂಬಯಿ-ಮಂಗಳೂರು ಬಸ್ಸು ಹತ್ತುವ ಮುಂಚೆ ಇಬ್ಬರು ಡ್ರೈವರುಗಳಿದ್ದಾರೆಯೇ ಎಂದು ವಿಚಾರಿಸುವವರೂ ಅವರೇ. ಡ್ರೈವರನ ಸಂಬಳ ಎಷ್ಟೆಂದು ಅಲ್ಲಿ ಯಾರೂ ಕೇಳುವುದಿಲ್ಲ. ಮೋಟಾರು ಸಾರಿಗೆ ಕಾರ್ಮಿಕರಿಗೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂದು 1961 ರಲ್ಲಿಯೇ ಕಾಯ್ದೆ ಬಂದಿತ್ತು. ಅದನ್ನು ಎಷ್ಟು ಮಂದಿ ಮಾಲಕರು ಪಾಲಿಸಿದರು ಎಂಬುದು ಹೆದ್ದಾರಿಯಲ್ಲಿ ಓಡಾಡಿದವರಿಗೆಲ್ಲ ಗೊತ್ತು. ಬ್ಯಾಂಕುಗಳಲ್ಲಂತೂ ಸೂಕ್ಷ್ಮ ಹುದ್ದೆಯಲ್ಲಿರುವವರನ್ನು ವರ್ಷಕ್ಕೊಮ್ಮೆ ಕನಿಷ್ಠ ಹತ್ತು ಕೆಲಸದ ದಿನ ಕಡ್ಡಾಯವಾಗಿ ರಜೆಯ ಮೇಲೆ ಕಳುಹಿಸಬೇಕೆಂದು ರಿಸರ್ವ್ ಬ್ಯಾಂಕ್ 2021 ರಲ್ಲಿ ಆದೇಶಿಸಿದೆ. ಅದರ ಉದ್ದೇಶ ಬೇರೆ, ಮೋಸ ಹೊರಬೀಳಲಿ ಎಂಬುದು. ಆದರೂ ಹಣ ಕಾಯುವವನ ರಜೆಗೆ ಇರುವ ಕಟ್ಟುನಿಟ್ಟು ಜೀವ ಕಾಯುವವನ ನಿದ್ದೆಗೆ ಇಲ್ಲವೆಂಬುದು ವಿಚಿತ್ರ.

ಇನ್ನು ಪೈಲಟ್‌ಗಳ ಕೊರತೆ ಎಂಬ ಮಾತು. ಕೊರತೆ ಬಾನಿನಿಂದ ಬೀಳುವುದಿಲ್ಲ. ಕಷ್ಟ ಬಂದಾಗ ಮೊದಲು ಮನೆಗೆ ಕಳುಹಿಸುವುದು ಸಿಬ್ಬಂದಿಯನ್ನು. 2008 ರ ಅಕ್ಟೋಬರಿನಲ್ಲಿ ಜೆಟ್ ಏರ್‌ವೇಸ್ ಸುಮಾರು 1,900 ಮಂದಿಯನ್ನು ಕೆಲಸದಿಂದ ತೆಗೆದು, ಸಮವಸ್ತ್ರದಲ್ಲೇ ಬೀದಿಗಿಳಿದ ಹುಡುಗ-ಹುಡುಗಿಯರನ್ನು ಮುಂಬಯಿ ನೋಡಿದ ಬಳಿಕ, ರಾಜಕೀಯ ಒತ್ತಡವೂ ಸೇರಿ, ಒಂದೆರಡು ದಿನಗಳಲ್ಲೇ ಎಲ್ಲರನ್ನೂ ವಾಪಸು ಕರೆಯಿತು. ಮಾರನೆಯ ವರ್ಷ ಸಂಘಟನೆ ಕಟ್ಟಿದ ಪೈಲಟ್‌ಗಳಿಬ್ಬರನ್ನು ವಜಾ ಮಾಡಿದ್ದಕ್ಕೆ ಅದೇ ಸಂಸ್ಥೆಯ ಪೈಲಟ್‌ಗಳು ಸಾಮೂಹಿಕವಾಗಿ 'ಅನಾರೋಗ್ಯ'ದ ರಜೆ ಹಾಕಿ ದಿನಗಟ್ಟಲೆ ವಿಮಾನಗಳು ನಿಂತವು. ಕಿಂಗ್‌ಫಿಷರ್ 2012 ರಲ್ಲಿ ಮುಚ್ಚಿದಾಗ ತಿಂಗಳುಗಟ್ಟಲೆ ಸಂಬಳ ಬಾಕಿ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರು 2003 ರಲ್ಲಿ ಆರಂಭಿಸಿ, ಸಾಮಾನ್ಯ ಜನರನ್ನು ವಿಮಾನ ಹತ್ತಿಸಿದ ಏರ್ ಡೆಕ್ಕನ್ ಕೂಡ ಅದರೊಳಗೇ ಕರಗಿ ಹೋಗಿತ್ತು. 2019 ರ ಏಪ್ರಿಲ್ 17 ರಂದು ಜೆಟ್ ಏರ್‌ವೇಸ್ ಕೊನೆಯ ಹಾರಾಟ ನಡೆಸಿತು. 2024 ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಬರಖಾಸ್ತು ಮಾಡಲು ಆದೇಶಿಸುವ ವರೆಗೂ ಸಿಬ್ಬಂದಿ ಬಾಕಿಗಾಗಿ ಕಾದರು. ಗೋ ಫಸ್ಟ್ 2023 ರ ಮೇಯಲ್ಲಿ ನಿಂತಿತು. ಕೊರೋನಾ ಕಾಲದಲ್ಲಿ, 2020 ರ ಜುಲೈಯಲ್ಲಿ, ಇಂಡಿಗೋ ತನ್ನ ನೌಕರರಲ್ಲಿ ಶೇ. 10 ಮಂದಿಯನ್ನು ಕಡಿತಗೊಳಿಸುವುದಾಗಿ ಪ್ರಕಟಿಸಿತು. ಉಳಿದವರ ಸಂಬಳಕ್ಕೂ ಕತ್ತರಿ ಬಿತ್ತು.

ಅಮೆರಿಕದಲ್ಲಿ ಇದಕ್ಕೊಂದು ಕ್ರಮವಿದೆ. ವ್ಯಾಪಾರ ಇಳಿದಾಗ ಸಂಸ್ಥೆಗಳು ಪೈಲಟ್‌ಗಳನ್ನು ಸಂಬಳವಿಲ್ಲದೆ ಮನೆಗೆ ಕಳುಹಿಸುತ್ತವೆ. ಕೊನೆಗೆ ಸೇರಿದವನು ಮೊದಲು ಹೋಗಬೇಕು. ಆದರೆ ಯೂನಿಯನ್ ಒಪ್ಪಂದದ ಪ್ರಕಾರ ಅವನ ಹೆಸರು ಹಿರಿತನದ ಪಟ್ಟಿಯಲ್ಲಿ ಉಳಿದಿರುತ್ತದೆ, ಕೆಲಸ ಬಂದಾಗ ಹೊಸಬರಿಗಿಂತ ಮೊದಲು ಅವನನ್ನು ಕರೆಯಲೇಬೇಕು. ಶ್ರೀಮಂತರಿಗೆ ಖಾಸಗಿ ಜೆಟ್ ಒದಗಿಸುವ ನೆಟ್‌ಜೆಟ್ಸ್ ಸಂಸ್ಥೆ 2010 ರ ಜನವರಿಯಲ್ಲಿ 495 ಪೈಲಟ್‌ಗಳನ್ನು ಹೀಗೆ ಮನೆಗೆ ಕಳುಹಿಸಿತ್ತು. ವರ್ಷಗಟ್ಟಲೆ ಕಾಯುವವನ ಹೊಟ್ಟೆಪಾಡು ಅಲ್ಲಿಯೂ ಸುಲಭದ್ದಲ್ಲ. ಆದರೆ ಕಾಯುವುದಕ್ಕೆ ಒಂದು ಪಟ್ಟಿಯಾದರೂ ಇದೆ. ಭಾರತದಲ್ಲಿ 1947 ರ ಕೈಗಾರಿಕಾ ವಿವಾದ ಕಾಯ್ದೆ ಹಿಂಬರ್ಖಾಸ್ತಾದ ಕಾರ್ಮಿಕನಿಗೆ ಮರುನೇಮಕದಲ್ಲಿ ಆದ್ಯತೆ ಕೊಟ್ಟಿತ್ತು. ಅದರ ಬದಲಿಗೆ 2025 ರ ನವೆಂಬರ್ 21 ರಂದು ಜಾರಿಯಾದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಆ ಹಕ್ಕಿಗೆ ಒಂದು ವರ್ಷದ ಗಡುವು ಬಿದ್ದಿದೆ. ಪೈಲಟ್ 'ಕಾರ್ಮಿಕ' ಹೌದೋ ಅಲ್ಲವೋ ಎಂಬ ವಾದ ಬೇರೆ.

ಒಬ್ಬ ಕ್ಯಾಪ್ಟನ್ ತಯಾರಾಗುವುದು ಒಂದು ತಿಂಗಳ ನೋಟೀಸಿನಲ್ಲಲ್ಲ. ವಾಣಿಜ್ಯ ಪೈಲಟ್ ಲೈಸೆನ್ಸಿಗೆ 200 ಗಂಟೆ ಹಾರಾಟ, ಕ್ಯಾಪ್ಟನ್ ಆಗಲು ಬೇಕಾದ ಉನ್ನತ ಲೈಸೆನ್ಸಿಗೆ 1,500 ಗಂಟೆ. ನಡುವೆ ನಿರ್ದಿಷ್ಟ ವಿಮಾನದ ತರಬೇತಿ, ಪರೀಕ್ಷೆ, ಮತ್ತೆ ಪರೀಕ್ಷೆ. ಇದಕ್ಕೆಲ್ಲ ಹೊರನಾಡ ಮಧ್ಯಮ ವರ್ಗದ ತಂದೆ ಸಾಲ ಮಾಡುತ್ತಾನೆ. ಏಳೂವರೆ ಲಕ್ಷ ದಾಟಿದ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಭದ್ರತೆ ಕೇಳುತ್ತವೆ. ಡೊಂಬಿವಲಿಯ ಒಂದು ಕೋಣೆಯ ಮನೆಯ ಪತ್ರವೋ, ಊರಿನ ತೋಟದ ಪಹಣಿಯೋ ತಿಜೋರಿಯೊಳಗೆ ಸೇರುತ್ತದೆ. ಹುಡುಗ ಲೈಸೆನ್ಸು ಹಿಡಿದು ಬಂದಾಗ ನೇಮಕಾತಿ ನಿಂತಿದ್ದರೆ ಕಂತು ನಿಲ್ಲುವುದಿಲ್ಲ. ಇಂಡಿಗೋ ಹೊಸ ನಿಯಮ ಕಣ್ಣೆದುರಿಗಿದ್ದರೂ ನೇಮಕಾತಿಗೆ ತಡೆ ಹಾಕಿತ್ತೆಂದು ಪೈಲಟ್‌ಗಳ ಸಂಘಟನೆ ದೂರಿದ್ದನ್ನು ಇಂತಹ ಮನೆಗಳವರು ಓದಿ ಏನೆಂದುಕೊಂಡಿರಬೇಕು!

ಒಂದೇ ಸಂಸ್ಥೆಯನ್ನು ದೂರಿ ಪ್ರಯೋಜನವಿಲ್ಲ. 2024 ರ ಮಾರ್ಚಿನಲ್ಲಿ ಏರ್ ಇಂಡಿಯಾಕ್ಕೆ ದುಡಿಮೆ-ವಿಶ್ರಾಂತಿ ನಿಯಮ ಮೀರಿದ್ದಕ್ಕೆ 80 ಲಕ್ಷ ದಂಡ ಬಿತ್ತು. ಅರುವತ್ತು ದಾಟಿದ ಇಬ್ಬರು ಪೈಲಟ್‌ಗಳನ್ನು ಒಂದೇ ವಿಮಾನಕ್ಕೆ ಹಾಕಿದ್ದೂ ಅದರಲ್ಲಿ ಸೇರಿತ್ತು. ಏಪ್ರಿಲಿನಲ್ಲಿ ವಿಸ್ತಾರ ಸಂಸ್ಥೆ ಪೈಲಟ್‌ಗಳಿಲ್ಲದೆ ಹಾರಾಟ ಕಡಿತ ಮಾಡಿತು. ಮೇಯಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಗಗನಸಖಿಯರು ಸಾಮೂಹಿಕ ರಜೆ ಹಾಕಿ, 25 ಮಂದಿ ವಜಾ ಆಗಿ, ಕಾರ್ಮಿಕ ಆಯುಕ್ತರ ಮುಂದೆ ರಾಜಿಯಾಗಿ ವಾಪಸಾದರು. ಅಷ್ಟರಲ್ಲಿ ಕೊಲ್ಲಿ ರಾಷ್ಟ್ರಗಳ ಕೆಲಸಕ್ಕೆ ಮರಳಬೇಕಾದ ಎಷ್ಟೋ ಮಂದಿ ನಿಲ್ದಾಣದಲ್ಲೇ ಬಾಕಿಯಾಗಿದ್ದರು.

ಕನ್ನಡ ಸಂಘ-ಸಂಸ್ಥೆಗಳು ಇದರಲ್ಲಿ ಮಾಡಬಹುದಾದ ಕೆಲಸವಿದೆ. ಹೊಸ ರೈಲು, ಹೆಚ್ಚು ವಿಮಾನ, ಕಡಿಮೆ ದರ ಎಂದು ಸಚಿವರಿಗೆ ಮನವಿ ಕೊಟ್ಟು ಫೋಟೊ ತೆಗೆಸಿಕೊಳ್ಳುವುದು ರೂಢಿಯಾಗಿದೆ, ಅದರಿಂದ ಫಲವೂ ಸಿಕ್ಕಿದ್ದುಂಟು. ವಿಮಾನದ ಒಳಗೆ ಕುಳಿತವನು ನಿದ್ದೆ ಮಾಡಿ ಬಂದಿದ್ದಾನೆಯೇ ಎಂದು ಕೇಳುವ ಮನವಿ ಮಾತ್ರ ಅಪರೂಪ. 2009 ರ ಫೆಬ್ರವರಿಯಲ್ಲಿ ಅಮೆರಿಕದ ಬಫಲೋ ನಗರದ ಬಳಿ ಕೋಲ್ಗನ್ ಸಂಸ್ಥೆಯ ವಿಮಾನ ಬಿದ್ದು 50 ಮಂದಿ ತೀರಿಕೊಂಡರು. ಪೈಲಟ್‌ಗಳ ದಣಿವಿನ ಪ್ರಶ್ನೆ ಅಲ್ಲಿಯೂ ಎದ್ದಿತು. ಸತ್ತವರ ಮನೆಯವರು ಒಂದಾಗಿ ವರ್ಷಗಟ್ಟಲೆ ವಾಷಿಂಗ್ಟನ್‌ಗೆ ಅಲೆದರು. 2010 ರಲ್ಲಿ ಕಾನೂನು ಬಂತು. ಎರಡು ಪಾಳಿಗಳ ನಡುವೆ 10 ಗಂಟೆ ವಿಶ್ರಾಂತಿ, ಅದರಲ್ಲಿ ಎಡೆಬಿಡದೆ 8 ಗಂಟೆ ನಿದ್ದೆಗೆ ಅವಕಾಶ ಎಂಬ ನಿಯಮ 2014 ರ ಜನವರಿಯಲ್ಲಿ ಜಾರಿಯಾಯಿತು. ಸರಕು ವಿಮಾನಗಳನ್ನು ಹೊರಗಿಟ್ಟಿರುವುದು ಆ ನಿಯಮದ ಕೊರತೆ. ಆದರೆ ಅದನ್ನು ತಂದವರು ವಿಮಾನ ಕಂಪೆನಿಗಳ ಧಣಿಗಳಲ್ಲ, ಸಾಮಾನ್ಯ ಕುಟುಂಬದವರು. 158 ಮಂದಿಯನ್ನು ಕಳೆದುಕೊಂಡ ಕರಾವಳಿಯ ಬಾಂಧವರಿಗೂ, ಅವರ ಸಂಘಗಳಿಗೂ ಇಂತಹ ಮಾತು ಆಡುವ ಹಕ್ಕು ಬೇರೆಯವರಿಗಿಂತ ಹೆಚ್ಚೇ ಇದೆ.

ಕೇಳಬೇಕಾದದ್ದು ದೊಡ್ಡದೇನಲ್ಲ. ವೇಳಾಪಟ್ಟಿಗೆ ಒಪ್ಪಿಗೆ ನೀಡುವ ಮುಂಚೆ ಆ ಸಂಸ್ಥೆಯಲ್ಲಿ ಎಷ್ಟು ಕ್ಯಾಪ್ಟನ್‌ಗಳಿದ್ದಾರೆ, ಎಷ್ಟು ಬೇಕು ಎಂಬ ಎರಡು ಅಂಕಿಗಳನ್ನು ಡಿಜಿಸಿಎ ಜನರ ಮುಂದಿಡಲಿ. ವಿಶ್ರಾಂತಿ ನಿಯಮದಿಂದ ಯಾರಿಗಾದರೂ ವಿನಾಯಿತಿ ಕೊಟ್ಟರೆ ಕಾರಣವನ್ನೂ, ಮುಗಿಯುವ ದಿನವನ್ನೂ ಪ್ರಕಟಿಸಲಿ, ಆ ದಿನ ಮತ್ತೆ ಮುಂದಕ್ಕೆ ಹೋಗದಿರಲಿ. ಕಡಿತವಾದ ಪೈಲಟ್‌ಗಳ ಪಟ್ಟಿ ಇಟ್ಟು ಹೊಸಬರಿಗಿಂತ ಮೊದಲು ಅವರನ್ನು ಕರೆಯುವ ಷರತ್ತು ಇರಲಿ. ಬೆಳಗಿನ ಐದರ ವಿಮಾನದಲ್ಲಿ ಹೋದರೆ ಒಂದು ದಿನದ ರಜೆ ಉಳಿಯುತ್ತದೆ ಎಂದು ಆರಿಸಿಕೊಳ್ಳುವ ಪ್ರಯಾಣಿಕರದು ತಪ್ಪೇನಲ್ಲ. ಆ ವಿಮಾನಗಳು ಕಡಿಮೆಯಾಗಿ ದರ ಇನ್ನೂರು-ಮುನ್ನೂರು ರೂಪಾಯಿ ಏರಿದರೆ ಗೊಣಗದೆ ಕೊಡುವ ಮನಸ್ಸು ಮಾತ್ರ ಅವರಿಗೂ ಇರಬೇಕು.

ವಿಮಾನಗಳ ಬೇಸಿಗೆಯ ವೇಳಾಪಟ್ಟಿ ಪ್ರತಿ ವರ್ಷ ಮಾರ್ಚ್ ತಿಂಗಳ ಕೊನೆಯ ಭಾನುವಾರ, ಚಳಿಗಾಲದ್ದು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಆರಂಭವಾಗುತ್ತದೆ. ಒಪ್ಪಿಗೆಯ ಕೆಲಸ ಅದಕ್ಕೆ ವಾರಗಳ ಮುಂಚೆಯೇ ಮುಗಿದಿರುತ್ತದೆ. ಮುಂಬಯಿ, ಪುಣೆ, ದೆಹಲಿ, ಚೆನ್ನೈ, ಹೈದರಾಬಾದಿನ ಸಂಘಗಳು ಒಟ್ಟಾಗಿ ಮನವಿ ಕೊಡುವುದಾದರೆ ಸಚಿವಾಲಯಕ್ಕೂ, ಕರ್ನಾಟಕದ ಸಂಸದರಿಗೂ ಅದು ತಲುಪಬೇಕಾದದ್ದು ಆ ಒಪ್ಪಿಗೆಗೆ ಮುಂಚೆ.